ಒಣಗಿದ ಹೊಲದಲ್ಲಿ ಹಸಿರಾಗಿ ಉಳಿದ ತೊಗರಿ ಗಿಡಗಳಿಂದ ಹೊಸ ತಳಿ ಮಾಡಬಹುದಾ?

ನಿಮ್ಮ ಪ್ರಶ್ನೆ ಓದಿ 2014ರ ನನ್ನ ಹೊಲವೇ ಕಣ್ಣ ಮುಂದೆ ಬಂತು. ನೆಟೆ ರೋಗಕ್ಕೆ ತೊಗರಿ ಹೋಗಿದೆ, ಉಳಿದ ಗಿಡಗಳ ಬೀಜ ಹಿಡಿದು ಜಾಸ್ತಿ ಇಳುವರಿಯ ತಳಿ ಜೊತೆ ಕ್ರಾಸ್ ಮಾಡ್ತೀನಿ ಅಂತೀರಿ. ನಾನೂ ಹಾಗೇ ಹೊರಟಿದ್ದೆ.

ನಮ್ಮದು ಚಿತ್ತಾಪುರದ ಕಡೆ, ಎರೆ ಭೂಮಿ. ಆ ವರ್ಷ ಆರು ಎಕರೆಯಲ್ಲಿ ಹೂ ಬಿಡುವ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಗಿಡ ನಿಂತಲ್ಲೇ ಒಣಗಿದವು. ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ. ಬದುವಿನ ಮೂಲೆಯಲ್ಲಿ ಮಾತ್ರ ನಲವತ್ತು ಗಿಡ ಕಾಯಿ ತುಂಬಿಕೊಂಡು ನಿಂತಿದ್ದವು. ಎಲ್ಲವನ್ನೂ ಒಟ್ಟಿಗೆ ಬಡಿದು ಬೀಜ ಇಟ್ಟೆ. ಮರುವರ್ಷ, ತುಂಬಾ ವರ್ಷದಿಂದ ಬರೀ ಜೋಳ ಬೆಳೆದಿದ್ದ ಒಂದು ಎಕರೆಗೆ ಬಿತ್ತಿದೆ. ಒಂದು ಗಿಡವೂ ಒಣಗಲಿಲ್ಲ. ಗೆದ್ದೆ ಅಂದುಕೊಂಡು ಮಾವನಿಗೂ ಬೀಜ ಕೊಟ್ಟೆ. ಮೂರನೇ ವರ್ಷ ಹಳೇ ಆರು ಎಕರೆಗೆ ಅದನ್ನೇ ಹಾಕಿದೆ. ಡಿಸೆಂಬರ್ ಹೊತ್ತಿಗೆ ಹೊಲ ಕಟ್ಟಿಗೆಯಾಗಿತ್ತು. ಮಾವನ ಹೊಲವೂ ಅಷ್ಟೇ. ಅವರು ಒಂದು ಮಾತೂ ಅನ್ನಲಿಲ್ಲ. ಅದೇ ಇವತ್ತಿಗೂ ಚುಚ್ಚುತ್ತದೆ.

ತಪ್ಪು ಎಲ್ಲಾಯ್ತು ಅಂತ ಬಿಡಿಸಿ ಹೇಳಲೇಬೇಕು, ಯಾಕಂದ್ರೆ ನೀವು ಹೊರಟಿರುವುದೂ ಅದೇ ದಾರಿ. ಆ ನಲವತ್ತು ಗಿಡ ರೋಗವನ್ನು ತಡೆದುಕೊಂಡಿರಲಿಲ್ಲ, ರೋಗದಿಂದ ತಪ್ಪಿಸಿಕೊಂಡಿದ್ದವು. ನೆಟೆ ತರುವ ಫ್ಯೂಸೇರಿಯಮ್ ಶಿಲೀಂಧ್ರ ಮಣ್ಣಿನಲ್ಲಿ, ಹಳೇ ಕೂಳೆಯಲ್ಲಿ ಬದುಕುತ್ತದೆ. ಹೊಲದ ತುಂಬ ಒಂದೇ ಸಮ ಇರುವುದಿಲ್ಲ. ಒಂದು ಕಡೆ ಜಾಸ್ತಿ, ಒಂದು ಕಡೆ ಇಲ್ಲವೇ ಇಲ್ಲ. ಆ ಮೂಲೆಗೆ ಹಿಂದಿನ ಬೇಸಿಗೆಯಲ್ಲಿ ಕೆರೆಯ ಹೂಳು ಹೊಡೆಸಿದ್ದೆವು. ಹೊಸ ಮಣ್ಣು, ಅಲ್ಲಿಗೆ ರೋಗ ಮುಟ್ಟಿರಲೇ ಇಲ್ಲ. ಆಮೇಲೆ ಪರೀಕ್ಷೆಯನ್ನೂ ರೋಗವಿಲ್ಲದ ಜೋಳದ ಹೊಲದಲ್ಲಿ ಮಾಡಿದೆ. ಈಜು ಬರುತ್ತಾ ನೋಡೋಕೆ ಒಣ ಬಾವಿಗೆ ಇಳಿಸಿದ ಹಾಗೆ.

ತಳಿ ಮಾಡುವವರು ಇದಕ್ಕೆ ಪೂರಾ ಉಲ್ಟಾ ಮಾಡುತ್ತಾರೆ. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಅನ್ನೋ ಬೆಳೆ ಸಂಶೋಧನಾ ಸಂಸ್ಥೆಯಲ್ಲಿ ರೋಗ ಬಂದ ಕಾಂಡಗಳನ್ನು ಕತ್ತರಿಸಿ ಮಣ್ಣಿಗೆ ಸೇರಿಸಿ, ಬೇಕಂತಲೇ ರೋಗದ ತಾಕು ಮಾಡಿಟ್ಟಿದ್ದಾರೆ. ನಡುನಡುವೆ ನೆಟೆಗೆ ಬೇಗ ಸಾಯುವ ತಳಿಯ ಸಾಲು. ಅದು ಸತ್ತು ಪಕ್ಕದ್ದು ಬದುಕಿದರೆ ಮಾತ್ರ ಲೆಕ್ಕಕ್ಕೆ. ಗಿಡ ಹೂ, ಕಾಯಿ ಬಿಡದ ಹಾಗೆ ಮಾಡುವ ಗೊಡ್ಡು ರೋಗದ ಪರೀಕ್ಷೆ ಇನ್ನೂ ಚೆಂದ. ರೋಗದ ಎಲೆಯನ್ನು ಎಳೇ ಸಸಿಯ ಎಲೆಗೆ ಸ್ಟೇಪ್ಲರ್‌ನಿಂದ ಹೊಡೆಯುತ್ತಾರೆ, ರೋಗ ಹರಡುವ ನುಸಿ ಅಲ್ಲಿಂದ ಸಸಿಗೆ ಹತ್ತುತ್ತದೆ. ಇದೂ ಬೇಕೇ ಬೇಕು. 1980ರ ದಶಕದಲ್ಲಿ ಬಂದ ಮಾರುತಿ ತಳಿ ನೆಟೆಗೆ ಗಟ್ಟಿ, ಗೊಡ್ಡು ರೋಗದ ಮುಂದೆ ನಿಲ್ಲಲಿಲ್ಲ. ಎರಡನ್ನೂ ತಡೆಯುವ ಆಶಾ ಬಂದದ್ದು 1993ರಲ್ಲಿ. ಆದರೆ ಅದರ ಅವಧಿ ಉದ್ದ, ಮಳೆ ಬೇಗ ಕೈಕೊಟ್ಟರೆ ನಮ್ಮ ಕಡೆ ಕಾಯಿ ತುಂಬುವುದಿಲ್ಲ.

ಇನ್ನು ಇಳುವರಿ. ರೋಗ ಮೊದಲು, ಇಳುವರಿ ಆಮೇಲೆ ಅಂತ ಬೇರೆ ಮಾಡಿ ಕೇಳಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ನೆಟೆ ಇರುವ ಹೊಲದಲ್ಲಿ ಕಟಾವಿನ ದಿನ ಎಷ್ಟು ಗಿಡ ಜೀವಂತ ಇವೆಯೋ ಅದೇ ಇಳುವರಿ. ಕ್ರಾಸ್ ಮಾಡುವ ಯೋಚನೆ ಸದ್ಯಕ್ಕೆ ಬಿಡಿ.

ಬೀಜ ಎಸೆಯಬೇಡಿ. ಒಂದೊಂದು ಗಿಡದ್ದನ್ನೂ ಬೇರೆ ಬೇರೆ ಪೊಟ್ಟಣ ಕಟ್ಟಿ. ಮುಂದಿನ ಮುಂಗಾರಿಗೆ, ಈ ಸಲ ಎಲ್ಲಿ ಗಿಡ ಹೆಚ್ಚು ಸತ್ತಿವೆಯೋ ಅಲ್ಲೇ ಗಿಡಕ್ಕೊಂದು ಸಾಲು ಬಿತ್ತಿ, ನಡುವೆ ಈ ವರ್ಷ ಒಣಗಿದ ತಳಿಯ ಸಾಲು ಹಾಕಿ. ಹೂವಿಗೆ ಮುಂಚೆ ಒಳ್ಳೆಯ ಗಿಡಗಳಿಗೆ ಸೊಳ್ಳೆ ಪರದೆ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಜೇನು ಪಕ್ಕದ ತಳಿಯ ಪರಾಗ ತಂದು ಬೆರೆಸುತ್ತದೆ. ಇದಕ್ಕೆ ಐದು ಗುಂಟೆ ಸಾಕು. ಉಳಿದ ಹೊಲಕ್ಕೆ ಎರಡು ಮೂರು ವರ್ಷ ಜೋಳ ಹಾಕಿ. ತೊಗರಿಯೇ ಬೇಕು ಅಂದರೆ ನೆಟೆ ತಡೆಯುವ ಟಿಎಸ್-3ಆರ್ ಬೀಜ ತನ್ನಿ. ನಮ್ಮ ಆರು ಎಕರೆಯಲ್ಲಿ ಈಗ ಅದೇ ಇದೆ, ಮಾವನ ಹೊಲದಲ್ಲೂ.