ಪಾರಿವಾಳದ ಕೊಕ್ಕಿನಲ್ಲಿ ದಿಕ್ಸೂಚಿ ಇದೆಯೇ?

ಪ್ರಶ್ನೆ: ನಮ್ಮ ಮಾವ ರೇಸಿಗೆ ಪಾರಿವಾಳ ಸಾಕುತ್ತಾರೆ. ಅವುಗಳ ಕೊಕ್ಕಿನಲ್ಲಿ ಕಬ್ಬಿಣ ಇದೆ, ಭೂಮಿಯ ಅಯಸ್ಕಾಂತ ಬಲ ಹಿಡಿದು ಮನೆಗೆ ಬರುತ್ತವೆ ಅನ್ನುತ್ತಾರೆ. ಈ ಸಲ ಕೆಲವು ಹಕ್ಕಿ ವಾಪಸ್ ಬರಲಿಲ್ಲ. ಪಕ್ಕದ ಬೀದಿಯ ಮೊಬೈಲ್ ಟವರ್ ಮೇಲೆ ಅವರಿಗೆ ಗುಮಾನಿ. ನಿಜ ಇರಬಹುದಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಕೊಕ್ಕಿನ ಕಥೆ ನಿಮ್ಮ ಮಾವ ಕಟ್ಟಿದ್ದಲ್ಲ ಬಿಡಿ, ವಿಜ್ಞಾನಿಗಳೇ ತುಂಬಾ ದಿನ ಹಾಗೆ ನಂಬಿದ್ದರು. 2012ರಲ್ಲಿ ವಿಯೆನ್ನಾದ ಡೇವಿಡ್ ಕೀಸ್ ತಂಡದವರು ಪಾರಿವಾಳದ ಕೊಕ್ಕನ್ನು ತೆಳ್ಳಗೆ ಸೀಳಿ ಸೀಳಿ ನೋಡಿದರು. ಕಬ್ಬಿಣವೇನೋ ಸಿಕ್ಕಿತು. ಆದರೆ ಅದು ನರಕೋಶದಲ್ಲಿರಲಿಲ್ಲ. ಸತ್ತ ಕೆಂಪು ರಕ್ತಕಣಗಳನ್ನು ನುಂಗಿ ಚೊಕ್ಕಟ ಮಾಡುವ ಕೋಶಗಳಲ್ಲಿತ್ತು. ಅದೂ ಒಂದು ಹಕ್ಕಿಯಲ್ಲಿ ಕೆಲವೇ ನೂರು ಕೋಶ, ಇನ್ನೊಂದರಲ್ಲಿ ಸಾವಿರಾರು. ದಿಕ್ಕು ತೋರಿಸುವ ಅಂಗ ಹೀಗೆ ಮನಸ್ಸಿಗೆ ಬಂದಂತೆ ಇರುತ್ತದಾ?

ಹಾಗಂತ ಅಯಸ್ಕಾಂತದ ಮಾತೇ ಸುಳ್ಳಲ್ಲ. ಅಮೆರಿಕದ ವಿಲಿಯಂ ಕೀಟನ್ ಕೆಲವು ಪಾರಿವಾಳಗಳ ಬೆನ್ನಿಗೆ ಅಯಸ್ಕಾಂತದ ಪಟ್ಟಿ, ಉಳಿದವುಗಳಿಗೆ ಹಿತ್ತಾಳೆ ಪಟ್ಟಿ ಅಂಟಿಸಿ ದೂರದಿಂದ ಬಿಟ್ಟರು. ಬಿಸಿಲಿದ್ದಾಗ ಅನುಭವಿ ಹಕ್ಕಿಗಳೆಲ್ಲ ಸಲೀಸಾಗಿ ಮನೆ ಕಡೆ ಹೊರಟವು. ಮೋಡ ಕವಿದ ದಿನ ಅಯಸ್ಕಾಂತ ಹೊತ್ತವು ಕಂಗಾಲಾದವು. ಇದನ್ನು 1971ರಲ್ಲಿ ಪ್ರಕಟಿಸಿದರು. ಪಾರಿವಾಳಕ್ಕೆ ಮೊದಲು ಸೂರ್ಯ, ಅವನು ಕಾಣದಿದ್ದರೆ ಅಯಸ್ಕಾಂತ ಬಲ.

ಇನ್ನು ಟವರ್ ವಿಷಯ. ಇಲ್ಲಿ ಜರ್ಮನಿಯ ಓಲ್ಡನ್‌ಬರ್ಗಿನ ಒಂದು ಪ್ರಯೋಗ ಹೇಳಲೇಬೇಕು, ನನಗೆ ಬಲು ಇಷ್ಟದ್ದು. ರಾತ್ರಿ ವಲಸೆ ಹೋಗುವ ರಾಬಿನ್ ಹಕ್ಕಿಯನ್ನು ಆಲಿಕೆಯಂಥ ಪಾತ್ರೆಯೊಳಗೆ ಬಿಡುತ್ತಾರೆ. ಒಳಗೋಡೆಗೆ ಗೀರು ಬೀಳುವಂಥ ಕಾಗದ. ವಲಸೆಯ ಕಾಲ ಬಂತೆಂದರೆ ಹಕ್ಕಿ ಸುಮ್ನೆ ಕೂರುವುದಿಲ್ಲ, ಹೋಗಬೇಕಾದ ದಿಕ್ಕಿಗೇ ಹಾರಲು ನೋಡುತ್ತದೆ. ಗೀರು ಎಲ್ಲಿ ಜಾಸ್ತಿಯೋ ಅದೇ ಅದರ ದಿಕ್ಕು. ಆದರೆ ವಿಶ್ವವಿದ್ಯಾಲಯದ ಮರದ ಗುಡಿಸಲುಗಳಲ್ಲಿ ಗೀರು ಸುತ್ತಲೂ ಬೀಳುತ್ತಿತ್ತು! ಗುಡಿಸಲಿಗೆ ಅಲ್ಯೂಮಿನಿಯಂ ತಗಡು ಹೊದಿಸಿ ಅರ್ಥಿಂಗ್ ಕೊಟ್ಟರು. ಹಕ್ಕಿಗೆ ದಿಕ್ಕು ಸಿಕ್ಕಿತು. ಅರ್ಥಿಂಗ್ ತೆಗೆದರೆ ಮತ್ತೆ ಗೊಂದಲ. ಊರಾಚೆ ಹೋದರೆ ತಗಡೇ ಬೇಕಿರಲಿಲ್ಲ. 2014ರಲ್ಲಿ ಪ್ರಕಟವಾದ ಫಲಿತಾಂಶ ಇದು. ಕಾಟ ಕೊಟ್ಟದ್ದು ಪೇಟೆಯ ವಿದ್ಯುತ್ ಉಪಕರಣಗಳು ಹೊಮ್ಮಿಸುವ ಅಲೆಗಳು, 50 ಕಿಲೋಹರ್ಟ್ಸ್‌ನಿಂದ 5 ಮೆಗಾಹರ್ಟ್ಸ್‌ವರೆಗಿನವು. ಹಳೇ ಎಎಂ ರೇಡಿಯೊದ ಆಸುಪಾಸು.

ಆಮೇಲೆ ಬ್ಲ್ಯಾಕ್‌ಕ್ಯಾಪ್ ಅನ್ನುವ ಇನ್ನೊಂದು ವಲಸೆ ಹಕ್ಕಿಯ ಮೇಲೂ ನೋಡಿದರು. ಸುಮಾರು 80 ಮೆಗಾಹರ್ಟ್ಸ್ ಅಲೆಯೂ ದಿಕ್ಕು ಕೆಡಿಸಿತು, 140ರ ಮೇಲಿನದು ಕೆಡಿಸಲಿಲ್ಲ. ನಮ್ಮ ಮೊಬೈಲ್ ಟವರುಗಳದು 700 ಮೆಗಾಹರ್ಟ್ಸ್‌ನಿಂದ ಮೇಲಕ್ಕೆ. ರಾಬಿನ್, ಬ್ಲ್ಯಾಕ್‌ಕ್ಯಾಪ್ ಪಾರಿವಾಳಗಳಲ್ಲ, ಒಪ್ಪಿದೆ. ಆದರೂ ಟವರನ್ನು ಕಟಕಟೆಗೆ ಹತ್ತಿಸಲು ಸಾಕ್ಷಿ ಸಾಲದು. ಈ ಹಕ್ಕಿಗಳ ದಿಕ್ಸೂಚಿ ಇರುವುದು ಕಣ್ಣಿನಲ್ಲಿ, ಕ್ರಿಪ್ಟೋಕ್ರೋಮ್ ಎಂಬ ಪ್ರೋಟೀನಿನಲ್ಲಿ ಅನ್ನುವ ವಾದಕ್ಕೆ ಈಗ ಬಲ ಜಾಸ್ತಿ. 2021ರಲ್ಲಿ ಲ್ಯಾಬಿನಲ್ಲಿ ಹೋಲಿಸಿದಾಗ ರಾಬಿನ್‌ನ ಪ್ರೋಟೀನು ಕೋಳಿ, ಪಾರಿವಾಳದ್ದಕ್ಕಿಂತ ಹೆಚ್ಚಾಗಿ ಅಯಸ್ಕಾಂತಕ್ಕೆ ಸ್ಪಂದಿಸಿತು.

ಹಕ್ಕಿ ಬಿಟ್ಟ ದಿನ ಮೋಡ ಇತ್ತಾ, ದಾರಿಯಲ್ಲಿ ಗಿಡುಗದ ಕಾಟ ಇದೆಯಾ ಅಂತ ಮಾವನವರನ್ನು ಕೇಳಿ. ಟವರಿಗಿಂತ ಮೊದಲು ನನ್ನ ಗುಮಾನಿ ಅವುಗಳ ಮೇಲೆ.