ಪ್ರಶ್ನೆ ಒಂದು, ಉತ್ತರ ಇನ್ನೊಂದು

ಶಿವಮೊಗ್ಗದ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: ಕಳೆದ ಸಂಚಿಕೆಯ ಆನಿಮೇಷನ್ ಲೇಖನದಲ್ಲಿ ‘ಸ್ಪೇಸ್ ಘೋಸ್ಟ್ ಕೋಸ್ಟ್ ಟು ಕೋಸ್ಟ್’ ಎಂಬ ಅಮೆರಿಕದ ಕಾರ್ಟೂನ್ ಟಾಕ್ ಶೋವನ್ನು ಹೊಗಳಿದ್ದು ಕಂಡು ಅವರು ಅದರ ಮೂರು ಕಂತುಗಳನ್ನು ನೋಡಿದರು. ಹಳೆಯ ಚಿತ್ರಗಳನ್ನು ಕತ್ತರಿಸಿ ಅಂಟಿಸಿರುವುದು ಸೋಮಾರಿತನ. ಅತಿಥಿಗಳು ಕೊಟ್ಟ ಉತ್ತರಕ್ಕೆ ಬೇರೆ ಪ್ರಶ್ನೆ ಜೋಡಿಸಿರುವುದು ಮೋಸ. ಇರುವೆಯೊಂದರ ಹಿಂದೆ ನಾಯಕ ಹೋಗುತ್ತಲೇ ಇರುವುದನ್ನು ನಿಮಿಷಗಟ್ಟಲೆ ತೋರಿಸುವುದು ನೋಡುವವರ ತಾಳ್ಮೆಗೆ ಮಾಡಿದ ಅವಮಾನ. ಇಂಥದ್ದಕ್ಕೆ ಎರಡು ಪುಟ ಏಕೆ?

ಮಾನ್ಯರೆ,

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. 1966ರ ಮೂಲ ‘ಸ್ಪೇಸ್ ಘೋಸ್ಟ್’ ಪಾತ್ರವನ್ನು ರೂಪಿಸಿದವರು ಹನ್ನಾ ಮತ್ತು ಬಾರ್ಬೆರಾ ಎಂದು ಲೇಖನದ ಚಿತ್ರದಡಿಯಲ್ಲಿ ಅಚ್ಚಾಗಿತ್ತು. ಅವರದು ನಿರ್ಮಾಣ ಸಂಸ್ಥೆ. ಪಾತ್ರದ ವಿನ್ಯಾಸ ಕಾಮಿಕ್ಸ್ ಕಲಾವಿದ ಅಲೆಕ್ಸ್ ಟೋತ್ ಅವರದು. ನಿಮ್ಮ ಪತ್ರಕ್ಕೂ ಒಂದು ತಿದ್ದುಪಡಿ ಬೇಕು. ನೀವು ಬರೆದಂತೆ ಈ ಕಾರ್ಯಕ್ರಮ ‘ಅಡಲ್ಟ್ ಸ್ವಿಮ್’ಗಾಗಿ ಹುಟ್ಟಿದ್ದಲ್ಲ. 1994ರ ಏಪ್ರಿಲ್ 15ರಂದು, ಮಕ್ಕಳ ಚಾನೆಲ್ ಎಂದೇ ಎಲ್ಲರೂ ತಿಳಿದಿದ್ದ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಅದು ಆರಂಭವಾಯಿತು. ಅದೇ ಚಾನೆಲ್ಲಿನಲ್ಲಿ ರಾತ್ರಿಯ ಹೊತ್ತು ದೊಡ್ಡವರಿಗೆಂದೇ ಮೀಸಲಾದ ಅಡಲ್ಟ್ ಸ್ವಿಮ್ ಶುರುವಾದದ್ದು 2001ರ ಸೆಪ್ಟೆಂಬರ್‌ನಲ್ಲಿ. ಅದಕ್ಕೆ ನೆಲ ಹದಮಾಡಿ ಕೊಟ್ಟದ್ದೇ ನೀವು ಬೈದಿರುವ ಈ ಕಾರ್ಯಕ್ರಮ.

ಕತ್ತರಿಸಿ ಅಂಟಿಸಿದ್ದಾರೆ ಎಂಬ ಮಾತು ನಿಜ, ಆದರೆ ಅದಕ್ಕೆ ಕಾರಣ ಸೋಮಾರಿತನವಲ್ಲ, ಬಡತನ. 1991ರಲ್ಲಿ ಟರ್ನರ್ ಎಂಬ ಟಿವಿ ಸಂಸ್ಥೆ ಹನ್ನಾ–ಬಾರ್ಬೆರಾ ಕಂಪನಿಯನ್ನು ಕೊಂಡುಕೊಂಡಿತು, ಮರುವರ್ಷ ಅಕ್ಟೋಬರ್ 1ರಂದು ಅದೇ ಸಂಸ್ಥೆಯ ಕಾರ್ಟೂನ್ ನೆಟ್‌ವರ್ಕ್ ಶುರುವಾಯಿತು. ಅಟ್ಲಾಂಟಾದ ಕಚೇರಿಯಲ್ಲಿ ಹಳೆಯ ಕಾರ್ಟೂನುಗಳ ಕಣಜವೇ ಇತ್ತು, ಹೊಸದನ್ನು ಬರೆಸಲು ಕಾಸಿರಲಿಲ್ಲ. ಆಗ ಚಾನೆಲ್ಲಿನ ಕಾರ್ಯಕ್ರಮಗಳ ಹೊಣೆ ಹೊತ್ತಿದ್ದ ಮೈಕ್ ಲಾಜೋ ಮತ್ತು ಅವರ ಸಂಗಡಿಗರು ಮಾಡಿದ ಉಪಾಯ ಇದು: ಮೂವತ್ತು ವರ್ಷದ ಹಿಂದಿನ ಒಬ್ಬ ಮುಖವಾಡದ ವೀರನನ್ನು ಅವನ ಹಿನ್ನೆಲೆಯಿಂದ ಬಿಡಿಸಿ ತಂದು ಒಂದು ಮೇಜಿನ ಹಿಂದೆ ಕೂರಿಸಿ, ನೀನು ಇನ್ನು ಮೇಲೆ ತಡರಾತ್ರಿಯ ಟಾಕ್ ಶೋ ನಿರೂಪಕ ಎಂದುಬಿಟ್ಟರು. ಅವನ ಹಳೆಯ ವೈರಿಗಳೂ ಜೊತೆಗೆ ಬಂದರು. ಮ್ಯಾಂಟಿಸ್ ಕೀಟದ ಜಾತಿಯ ಜೋರಾಕ್ ವಾದ್ಯವೃಂದದ ಮುಖ್ಯಸ್ಥನಾಗಿ ಕೀಬೋರ್ಡ್ ಬಾರಿಸುತ್ತಾನೆ. ಲಾವಾರಸದ ಮೈಯ ಮೋಲ್ಟಾರ್ ಒಳಕೋಣೆಯಲ್ಲಿ ಕುಳಿತು ನಿರ್ದೇಶನ ಮಾಡುತ್ತಾನೆ. ಇಬ್ಬರೂ ಕೈದಿಗಳು, ಈ ನೌಕರಿಯೇ ಅವರ ಶಿಕ್ಷೆ. ಸಿಟ್ಟು ಬಂದಾಗಲೆಲ್ಲ ಧಣಿ ತನ್ನ ಮುಂಗೈಪಟ್ಟಿಯಿಂದ ಕಿರಣ ಬಿಟ್ಟು ಜೋರಾಕನನ್ನು ಸುಡುತ್ತಾನೆ, ಮುಂದಿನ ದೃಶ್ಯದಲ್ಲಿ ಅವನು ಏನೂ ಆಗದವನಂತೆ ಅಲ್ಲೇ ಕೂತು ಗೊಣಗುತ್ತಿರುತ್ತಾನೆ.

ಹಾರಾಡಿ ಹೊಡೆದಾಡಲೆಂದು ಬರೆದ ಬೊಂಬೆಯನ್ನು ಹರಟೆಗೆ ಕೂರಿಸಿದರೆ ಏನಾಗುತ್ತದೆ ಎಂಬುದನ್ನು ನೀವು ದಯವಿಟ್ಟು ಇನ್ನೊಮ್ಮೆ ಗಮನಿಸಿ. ಅವನಿಗೆ ಇರುವುದೇ ಬೆರಳೆಣಿಕೆಯ ಭಂಗಿಗಳು: ತಲೆ ತಿರುಗಿಸುವುದು, ಕೈ ಎತ್ತುವುದು, ಎದ್ದು ನಿಲ್ಲುವುದು. ಅತಿಥಿ ನಗಲಿ, ಅಳಲಿ, ಅದೇ ಭಂಗಿ ಮರಳಿ ಬರುತ್ತದೆ. ನಿಜವಾದ ಟಾಕ್ ಶೋ ನಿರೂಪಕರನ್ನು ಒಂದು ವಾರ ಸತತವಾಗಿ ನೋಡಿದವರಿಗೆ ಅವರ ಬಳಿಯೂ ಇಷ್ಟೇ ಭಂಗಿಗಳಿರುವುದು ತಿಳಿಯದೆ ಇರದು. ಅಂದಹಾಗೆ, ‘ಕೋಸ್ಟ್ ಟು ಕೋಸ್ಟ್’ ಎಂಬ ಹೆಸರಿಗೆ ಯಾವ ಗೂಢಾರ್ಥವೂ ಇಲ್ಲ. ‘ಘೋಸ್ಟ್’ ಎಂಬುದಕ್ಕೆ ಪ್ರಾಸ ಹುಡುಕುವಾಗ ಸಿಕ್ಕಿದ್ದು ಅದು. ಪ್ರಾಸದ ತ್ರಾಸದಲ್ಲಿ ನಮ್ಮ ಕವಿಗಳು ಎಷ್ಟೋ ಪದ್ಯ ಕೆಡಿಸಿಕೊಂಡಿದ್ದಾರೆ. ಇಲ್ಲಿ ಒಂದು ಕಾರ್ಯಕ್ರಮವೇ ಅದರಿಂದ ಹುಟ್ಟಿತು.

ಇದು ಹುಟ್ಟಿದ ಹೊತ್ತನ್ನೂ ನೆನೆಯಬೇಕು. ಎನ್‌ಬಿಸಿ ಚಾನೆಲ್ಲಿನ ತಡರಾತ್ರಿಯ ಟಾಕ್ ಶೋ ‘ದಿ ಟುನೈಟ್ ಶೋ’ವನ್ನು ಮೂವತ್ತು ವರ್ಷ ನಡೆಸಿದ ಜಾನಿ ಕಾರ್ಸನ್ 1992ರ ಮೇ ತಿಂಗಳಲ್ಲಿ ನಿವೃತ್ತರಾದರು. ಆ ಕುರ್ಚಿ ಜೇ ಲೆನೋ ಪಾಲಾಯಿತು. ಅದು ಸಿಗದ ಡೇವಿಡ್ ಲೆಟರ್‌ಮನ್ 1993ರಲ್ಲಿ ಎನ್‌ಬಿಸಿ ಬಿಟ್ಟು ಎದುರಾಳಿ ಚಾನೆಲ್ ಸಿಬಿಎಸ್ ಸೇರಿದರು. ಅವರು ತೆರವು ಮಾಡಿದ ಜಾಗಕ್ಕೆ ಯಾರಿಗೂ ಗೊತ್ತಿರದ ಕೋನನ್ ಓಬ್ರಿಯನ್ ಬಂದರು. ಅದೇ ವರ್ಷ ಶುರುವಾದ ನಟ ಚೆವಿ ಚೇಸ್ ಅವರ ಟಾಕ್ ಶೋ ಆರು ವಾರವೂ ಬಾಳಲಿಲ್ಲ. ಒಂದು ಮೇಜು, ಒಂದು ಕುರ್ಚಿಗಾಗಿ ಅಷ್ಟೊಂದು ಕಾದಾಟ ನಡೆಯುತ್ತಿರುವಾಗ ಆ ಕುರ್ಚಿಯಲ್ಲಿ ಸೆಲ್ಯುಲಾಯ್ಡ್ ಬೊಂಬೆಯೊಂದನ್ನು ತಂದು ಕೂರಿಸಿದ್ದೇ ಒಂದು ವಿಮರ್ಶೆಯಾಗಿತ್ತು.

ಇನ್ನು ನಿಮ್ಮ ಎರಡನೆಯ ಆಕ್ಷೇಪ, ಅಂದರೆ ಮೋಸದ ಮಾತು. ನನ್ನನ್ನು ನಿಜಕ್ಕೂ ಚುಚ್ಚಿದ್ದು ಅದೇ. ಅಲ್ಲಿ ನಡೆಯುತ್ತಿದ್ದುದು ಹೀಗೆ. ಅತಿಥಿ ನಿಜವಾದ ಮನುಷ್ಯ, ನಟನೋ ಗಾಯಕಿಯೋ ಆಗಿರುತ್ತಿದ್ದ. ಅವರ ಸಂದರ್ಶನವನ್ನು ಮೊದಲೇ ಚಿತ್ರೀಕರಿಸಿಕೊಂಡು, ಕೇಳಿದ ಪ್ರಶ್ನೆಗಳನ್ನು ಎತ್ತಿಟ್ಟು, ಉತ್ತರಗಳ ಸುತ್ತ ಬರಹಗಾರರು ಹೊಸ ಪ್ರಶ್ನೆಗಳನ್ನು ಹೆಣೆಯುತ್ತಿದ್ದರು. ಕಾರ್ಯಕ್ರಮದಲ್ಲಿ ಅತಿಥಿ ಒಂದು ಟಿವಿ ಪರದೆಯೊಳಗೆ ಕಾಣಿಸಿಕೊಳ್ಳುತ್ತಾನೆ. ಸ್ಪೇಸ್ ಘೋಸ್ಟ್ ಗಂಭೀರವಾಗಿ, ತಮಗೆ ಅಲ್ಲಿ ಆಮ್ಲಜನಕ ಸಾಕಷ್ಟು ಸಿಗುತ್ತಿದೆಯೆ ಎಂದು ವಿಚಾರಿಸುತ್ತಾನೆ, ಆಮೇಲೆ ತಮಗಿರುವ ಅತಿಮಾನುಷ ಶಕ್ತಿ ಯಾವುದು ಎಂದು ಕೇಳುತ್ತಾನೆ. ಅತಿಥಿ ಕಣ್ಣು ಪಿಳುಕಿಸುತ್ತಾನೆ. ಇನ್ಯಾವುದೋ ಪ್ರಶ್ನೆಗೆ ಕೊಟ್ಟ ಉತ್ತರದ ಒಂದು ತುಣುಕು ಬಂದು ಕೂರುತ್ತದೆ. ಬಳಿಕ ಇಬ್ಬರ ನಡುವೆ ಒಂದು ಮೌನ. ಬೇರೆಯವರಾದರೆ ಕತ್ತರಿಸಿ ಎಸೆಯುತ್ತಿದ್ದ ಆ ಮೌನವನ್ನು ಇವರು ಜೋಪಾನವಾಗಿ ಉಳಿಸಿಕೊಂಡರು, ಬೇಕೆಂದಲ್ಲಿ ಇನ್ನಷ್ಟು ಹಿಗ್ಗಿಸಿದರು. ನನ್ನ ದೃಷ್ಟಿಯಲ್ಲಿ ಇಡೀ ಕಾರ್ಯಕ್ರಮದ ಜೀವ ಆ ಮೌನದಲ್ಲಿದೆ.

ಇದನ್ನು ಮೋಸ ಎನ್ನುವ ಮೊದಲು ಸಂಪಾದಕನಾಗಿ ನಾನು ಒಂದು ವಿಷಯ ಹೇಳಲೇಬೇಕು. ನಮ್ಮ ಪತ್ರಿಕೆಯಲ್ಲಿ ನೀವು ಓದುವ ಯಾವ ಸಂದರ್ಶನವೂ ನಡೆದ ಹಾಗೆ ಅಚ್ಚಾಗುವುದಿಲ್ಲ. ಎರಡು ಗಂಟೆಯ ಮಾತನ್ನು ಮೂರು ಪುಟಕ್ಕೆ ಇಳಿಸುವಾಗ ನಾವು ಕೊನೆಯ ಉತ್ತರವನ್ನು ಮೊದಲಿಗೆ ತರುತ್ತೇವೆ, ಎರಡು ಉತ್ತರಗಳನ್ನು ಒಂದು ಮಾಡುತ್ತೇವೆ, ತಡವರಿಸಿ ಕೇಳಿದ ಪ್ರಶ್ನೆಯನ್ನು ಆಮೇಲೆ ಜಾಣತನದಿಂದ ತಿದ್ದಿ ಬರೆಯುತ್ತೇವೆ. ಹಿರಿಯ ಸಾಹಿತಿಯೊಬ್ಬರು ತಮ್ಮ ಸಂದರ್ಶನ ಅಚ್ಚಾದ ಮೇಲೆ ಫೋನ್ ಮಾಡಿ, ‘ಉತ್ತರವೆಲ್ಲ ನನ್ನದೇ, ಆದರೆ ಈ ಪ್ರಶ್ನೆಗಳನ್ನು ನೀವು ನನಗೆ ಯಾವಾಗ ಕೇಳಿದಿರಿ?’ ಎಂದದ್ದು ನನಗೆ ಇನ್ನೂ ಮರೆತಿಲ್ಲ. ಅರ್ಥ ಕೆಡದಿರಲಿ ಎಂದು ನಾವು ಮಾಡುವ ಕೆಲಸವನ್ನೇ ಈ ಕಾರ್ಯಕ್ರಮದವರು ಅರ್ಥ ಕೆಡಲೆಂದು, ಕೆಟ್ಟದ್ದು ಎಲ್ಲರಿಗೂ ಕಾಣಲೆಂದು ಮಾಡಿದರು. ನಾವು ಹೊಲಿಗೆ ಕಾಣದಂತೆ ಹೊಲಿಯುತ್ತೇವೆ, ಅವರು ದಾರವನ್ನು ಹೊರಗೆ ನೇತುಬಿಟ್ಟರು. ಯಾವುದು ಹೆಚ್ಚು ಪ್ರಾಮಾಣಿಕ ಎಂಬುದನ್ನು ಹೇಳುವ ಧೈರ್ಯ ನನಗಿಲ್ಲ. ಆದರೂ ನಿಮ್ಮ ಮಾತಿನಲ್ಲಿ ಒಂದು ಪಾಲು ಸತ್ಯವಿದೆ: ಕೆಲವು ಕಂತುಗಳಲ್ಲಿ ಅತಿಥಿಯ ಇರಿಸುಮುರಿಸನ್ನೇ ನಗೆಯ ಬಂಡವಾಳ ಮಾಡಿಕೊಂಡದ್ದು ಕಾಣುತ್ತದೆ, ಮತ್ತು ಅಂಥ ಕಡೆ ನನಗೂ ನಗು ಬರುವುದಿಲ್ಲ.

ಇರುವೆಯ ಕಂತಿಗೆ ಬರುತ್ತೇನೆ. ಅದರ ಅತಿಥಿ ಯಾರೆಂಬುದನ್ನು ನಿಮ್ಮ ಪತ್ರ ಹೇಳಿಲ್ಲ, ಬಹುಶಃ ಸಿಟ್ಟಿನಲ್ಲಿ ಮರೆತಿರಬೇಕು. ಅತಿಥಿ ಕೋನನ್ ಓಬ್ರಿಯನ್, ಅಂದರೆ ಪ್ರತಿರಾತ್ರಿ ಮೇಜಿನ ಆಚೆ ಕುಳಿತು ಇತರರನ್ನು ಮಾತಾಡಿಸುವುದನ್ನೇ ವೃತ್ತಿ ಮಾಡಿಕೊಂಡವರು. ಅಂಥವರನ್ನು ಕರೆಸಿಕೊಂಡು, ತನ್ನನ್ನು ಕಚ್ಚಿದ ಒಂದು ಇರುವೆಯ ಬೆನ್ನು ಹತ್ತಿ ನಿರೂಪಕ ಎದ್ದು ಹೋಗಿಬಿಡುತ್ತಾನೆ. ಇರುವೆ ಇರುವೆಯ ವೇಗದಲ್ಲಿಯೇ ನಡೆಯುತ್ತದೆ, ಕ್ಯಾಮೆರಾ ಅವಸರ ಮಾಡುವುದಿಲ್ಲ. ಮೊದಲ ನಿಮಿಷ ನಗು, ಮುಂದೆ ಬೇಸರ, ಅದರಾಚೆ ಸಿಟ್ಟು, ಸಿಟ್ಟು ದಾಟಿದ ಮೇಲೆ ಮತ್ತೆ ನಗು. ನೀವು ಸಿಟ್ಟಿನ ಹಂತದಲ್ಲಿ ನಿಲ್ಲಿಸಿದಿರಿ. ಕನ್ನಡದಲ್ಲಿ ‘ಅಸಂಗತ ನಾಟಕ’ ಎಂಬ ಮಾತು ಬಳಕೆಗೆ ಬಂದು ಅರ್ಧ ಶತಮಾನ ದಾಟಿದೆ. ರಂಗದ ಮೇಲೆ ಏನೂ ಘಟಿಸದೆ ಇರುವುದನ್ನು ನೋಡಿ ರೂಢಿಯಿರುವ ಊರು ನಿಮ್ಮದು. ಅದನ್ನೇ ಕಾರ್ಟೂನಿನಲ್ಲಿ ಕಂಡಾಗ ಏಕೆ ಸಹಿಸಲಾಗುವುದಿಲ್ಲ ಎಂಬುದು ನನ್ನ ಕುತೂಹಲ. ಕಾರ್ಟೂನ್ ಎಂದರೆ ಓಟ ಎಂದು ನಮಗೆ ಅಭ್ಯಾಸವಾಗಿಬಿಟ್ಟಿದೆ. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದಾಗ ಹಗಲಿಡೀ ಬೆಕ್ಕು ಇಲಿಗಳ ಓಟ, ರಾತ್ರಿ ಅದೇ ಜಾಗದಲ್ಲಿ ಟಿಎನ್‌ಟಿ ಎಂಬ ಇನ್ನೊಂದು ಚಾನೆಲ್ಲಿನ ಹಳೆಯ ಹಾಲಿವುಡ್ ಚಿತ್ರಗಳು. ನಮ್ಮ ತಲೆಮಾರಿನ ಮನೆಗಳಲ್ಲಿ ಕಾರ್ಟೂನಿನ ದಿನ ಅಲ್ಲಿಗೆ ಮುಗಿಯುತ್ತಿತ್ತು.

ಕೊನೆಗಾಲದ ಕಂತುಗಳನ್ನು ನಾನು ಸಮರ್ಥಿಸುವುದಿಲ್ಲ. ಕಾರ್ಯಕ್ರಮ ಟಿವಿಯಲ್ಲಿ 2004ರವರೆಗೆ ಬಂತು, 2006ರಿಂದ ಎರಡು ವರ್ಷ ಗೇಮ್‌ಟ್ಯಾಪ್ ಎಂಬ ಅಂತರ್ಜಾಲ ಸೇವೆಯಲ್ಲಿ ನಡೆಯಿತು, ಅಷ್ಟರಲ್ಲಿ ಹದ ತಪ್ಪಿತ್ತು. ಇದರಿಂದ ಕಲಿತವರಲ್ಲಿ 2012ರಲ್ಲಿ ಶುರುವಾದ ಎರಿಕ್ ಆಂಡ್ರೆ ಶೋ ಮುಖ್ಯವಾದುದು. ಅಲ್ಲಿ ನಿರೂಪಕ ಬೊಂಬೆಯಲ್ಲ, ಮೇಜನ್ನೇ ಒಡೆದುಹಾಕುವ ಮನುಷ್ಯ. ಸ್ಪೇಸ್ ಘೋಸ್ಟ್‌ನ ಮೃದುತ್ವ ಅದಕ್ಕಿಲ್ಲ. ಆ ಮೃದುತ್ವ ಬಹುಮಟ್ಟಿಗೆ ಧ್ವನಿಯದು: ಸ್ಪೇಸ್ ಘೋಸ್ಟ್‌ಗೆ ದನಿಯಾಗಿ, ರೇಡಿಯೊ ಉದ್ಘೋಷಕನ ತುಂಬುಕಂಠದಲ್ಲಿ ಶುದ್ಧ ಮೂರ್ಖತನ ಆಡುತ್ತಿದ್ದ ಜಾರ್ಜ್ ಲೋ 2025ರಲ್ಲಿ ತೀರಿಕೊಂಡರು, ಜೋರಾಕ್, ಮೋಲ್ಟಾರ್ ಇಬ್ಬರಿಗೂ ದನಿ ಕೊಟ್ಟು, ಅವರ ಚಿತ್ರಗಳನ್ನೂ ಚಲಿಸುವಂತೆ ಮಾಡುತ್ತಿದ್ದ ಮಾರ್ಟಿನ್ ಕ್ರೋಕರ್ 2016ರಲ್ಲೇ ಹೋದರು.

ನಿಮ್ಮ ಪತ್ರದ ಕೊನೆಯಲ್ಲಿ, ಶೀರ್ಷಿಕೆ ಸಂಗೀತ ಮಾತ್ರ ಚೆನ್ನಾಗಿದೆ ಎಂದಿದ್ದೀರಿ. ಅದನ್ನು ನುಡಿಸಿದವರು ಜಾಜ್ ಗಿಟಾರ್ ವಾದಕ ಸನ್ನಿ ಶಾರಾಕ್. ಕಾರ್ಯಕ್ರಮ ಆರಂಭವಾಗಿ ಒಂದು ತಿಂಗಳಿನ ಆಸುಪಾಸಿನಲ್ಲಿ, 1994ರ ಮೇನಲ್ಲಿ, ಅವರು ತೀರಿಕೊಂಡರು. ಮುಂದೆ ಅವರ ಹೆಸರಿನಲ್ಲೇ ಒಂದು ಕಂತು ಬಂತು. ಅದರಲ್ಲಿ ಮಾತು ಕಡಿಮೆ, ಅವರ ಗಿಟಾರ್ ಹೆಚ್ಚು. ಮೂರು ಕಂತಿಗೆ ಸಾಕಾಗಿದೆ ಎಂದಿದ್ದೀರಾದರೂ ಅದೊಂದನ್ನು ನೋಡಿ, ಬೈಯಬೇಕೆನಿಸಿದರೆ ಮತ್ತೆ ಬರೆಯಿರಿ. ನಾಲ್ಕು ಪುಟವಾದರೂ ಚಿಂತೆಯಿಲ್ಲ, ಈ ಸಲ ಕತ್ತರಿ ಹಾಕದೆ ಅಚ್ಚು ಮಾಡುತ್ತೇವೆ.

– ಸಂಪಾದಕ