ಹತ್ತಿಂಚಿನ ಮೈಟರ್ ಸಾ (ಬೇಕಾದ ಕೋನಕ್ಕೆ ತಿರುಗಿಸಿ ಮರ ಕತ್ತರಿಸುವ ಮಷೀನ್) ಇದೆ, ಆದರೂ ಫ್ರೇಮಿನ ನಾಲ್ಕನೇ ಮೂಲೆ ಕೂಡುತ್ತಿಲ್ಲ. ಲೇಸರ್ ಇರುವ ಸ್ಲೈಡಿಂಗ್ ಮಷೀನ್ ತೆಗೆದುಕೊಳ್ಳಲೇ?

ಬೇಡ. ಮೂರು ಮೂಲೆ ಕೂಡಿ ನಾಲ್ಕನೆಯದು ಬಾಯಿ ಬಿಡುವುದನ್ನು ನಾನೂ ನೋಡಿದ್ದೇನೆ. ಮೈಸೂರು ಶೈಲಿಯ ಚಿತ್ರಗಳಿಗೆ ತೇಗದ ಫ್ರೇಮ್ ಕಟ್ಟಲು ಶುರು ಮಾಡಿದಾಗ ನನ್ನದೂ ಹತ್ತಿಂಚಿನ ಮಷೀನೇ. ಸ್ಲೈಡ್ ಇರುವುದು ಅಗಲದ ಹಲಗೆಗೆ, ಕೋನಕ್ಕೂ ಅದಕ್ಕೂ ಸಂಬಂಧವಿಲ್ಲ. ಲೇಸರ್ ಬ್ಲೇಡ್ ಎಲ್ಲಿ ಬೀಳುತ್ತದೆ ಎಂದು ತೋರಿಸುತ್ತದೆಯೇ ಹೊರತು ಕೋನ ಸರಿ ಇದೆಯೇ ಎಂದು ಹೇಳುವುದಿಲ್ಲ.

ನನ್ನ ಮರ ಹಾಳಾಗಿದ್ದು ಒಂದೇ ತಪ್ಪಿನಿಂದ. ಫೆನ್ಸ್ (ಮರವನ್ನು ಒರಗಿಸುವ ಹಿಂದಿನ ಗೋಡೆ) ಬ್ಲೇಡಿಗೆ ಸರಿಯಾಗಿ 90ರಲ್ಲಿದೆಯೇ ಎಂದು ನೋಡಲು ಮೂಲೆಮಟ್ಟದ ಹಿಡಿಯನ್ನು ಫೆನ್ಸಿಗೆ ಒತ್ತಿ, ಅದರ ಪಟ್ಟಿಯನ್ನು ಬ್ಲೇಡಿಗೆ ತಾಗಿಸಿದೆ. ಎರಡೂ ತುದಿ ತಾಗಿದವು, ಸರಿಯಿದೆ ಅಂದುಕೊಂಡೆ. ಆದರೆ ಒಂದು ತುದಿ ತಾಗಿದ್ದು ಬ್ಲೇಡಿನ ತಟ್ಟೆಗೆ, ಇನ್ನೊಂದು ತಾಗಿದ್ದು ಹಲ್ಲಿಗೆ. ಕಾರ್ಬೈಡ್ ಹಲ್ಲು ತಟ್ಟೆಗಿಂತ ದಪ್ಪ. ಉಗುರಿನಿಂದ ಸವರಿ ನೋಡಿ, ಪ್ರತಿ ಮಗ್ಗುಲಲ್ಲೂ ಸುಮಾರು ಅರ್ಧ ಮಿ.ಮೀ. ಆಚೆ ಚಾಚಿರುವುದು ಗೊತ್ತಾಗುತ್ತದೆ. 100 ಮಿ.ಮೀ. ಉದ್ದಕ್ಕೆ ಅರ್ಧ ಮಿ.ಮೀ. ಎಂದರೆ ಸುಮಾರು 0.3 ಡಿಗ್ರಿ. ಫ್ರೇಮಿನ ಚಪ್ಪಟೆ ಪಟ್ಟಿಯನ್ನು ಮಗುಚಿ ಮಗುಚಿ ಒಂದೇ ಕಡೆಯ 45ರಲ್ಲಿ ಕತ್ತರಿಸಿದರೆ ಫ್ರೇಮಿಗೆ ಎಂಟು ಕಟ್, ಎಂಟೂ ಒಂದೇ ದಿಕ್ಕಿಗೆ ತಪ್ಪು. ಎಲ್ಲ ಸೇರಿ 2.3 ಡಿಗ್ರಿ. 50 ಮಿ.ಮೀ. ಅಗಲದ ಪಟ್ಟಿಯಲ್ಲಿ ಅದು ಕೊನೆಯ ಮೂಲೆಯಲ್ಲಿ ಹತ್ತಿರ ಹತ್ತಿರ 3 ಮಿ.ಮೀ. ಸಂದು.

ನನ್ನನ್ನು ದಾರಿ ತಪ್ಪಿಸಿದ್ದು ಮೌಲ್ಡಿಂಗ್, ಅಂದರೆ ಒಂದು ಮುಖದಲ್ಲಿ ಉಬ್ಬುಗೆರೆ ತೆಗೆದ ಪಟ್ಟಿ. ಅದನ್ನು ಮಗುಚಲು ಬರುವುದಿಲ್ಲ, ಒಂದು ತುದಿ ಎಡಕ್ಕೆ, ಇನ್ನೊಂದು ಬಲಕ್ಕೆ ತಿರುಗಿಸಿಯೇ ಕತ್ತರಿಸಬೇಕು. ಆಗ ಒಂದು 45.3, ಇನ್ನೊಂದು 44.7. ಕೂಡಿದರೆ ಸರಿಯಾಗಿ 90, ಮೂಲೆ ಮುಚ್ಚಿಕೊಳ್ಳುತ್ತದೆ! ಆದರೆ ಕತ್ತರಿಸಿದ ಎರಡು ಮುಖಗಳ ಉದ್ದ ಬೇರೆ, 50 ಮಿ.ಮೀ. ಪಟ್ಟಿಗೆ ಮುಕ್ಕಾಲು ಮಿ.ಮೀ. ವ್ಯತ್ಯಾಸ. ಮೌಲ್ಡಿಂಗಿನ ಗೆರೆಗಳು ಮೂಲೆಯಲ್ಲಿ ಒಂದಕ್ಕೊಂದು ಸೇರದೆ ಮೆಟ್ಟಿಲಾಗುತ್ತವೆ. ಮರ ಬಾಗಿದೆ ಎಂದು ನಾನು ಮರವನ್ನು ದೂರುತ್ತಿದ್ದೆ. ನಿಮ್ಮ ಫ್ರೇಮಿನಲ್ಲೂ ಈ ಮೆಟ್ಟಿಲಿದ್ದರೆ ಫೆನ್ಸನ್ನೇ ಅನುಮಾನಿಸಿ.

ಸರಿ ಮಾಡುವ ಕ್ರಮ ಬದಲಿಸಬೇಡಿ. ಮೊದಲು ಪ್ಲಗ್ ಕಿತ್ತು, ಟೇಬಲ್, ಫೆನ್ಸಿನ ಬುಡ ಮತ್ತು 45, 0 ಡಿಗ್ರಿಗಳಲ್ಲಿ ಲಿವರ್ ಟಕ್ಕೆಂದು ಕೂರುವ ಕಚ್ಚುಗಳಿಂದ ಹೊಟ್ಟು ತೆಗೆಯಿರಿ. ಕಚ್ಚಿನಲ್ಲಿ ಹೊಟ್ಟು ಗಟ್ಟಿಯಾಗಿದ್ದರೆ ಲಿವರ್ ಪೂರ್ತಿ ಕೂರುವುದೇ ಇಲ್ಲ.

ಆಮೇಲೆ ಬೆವೆಲ್, ಅಂದರೆ ಬ್ಲೇಡ್ ಟೇಬಲಿಗೆ ನೆಟ್ಟಗಿದೆಯೇ ವಾಲಿದೆಯೇ ಎಂಬುದು. ಬ್ಲೇಡಿರುವ ತಲೆಯನ್ನು ಕೆಳಗಿಳಿಸಿ ಲಾಕ್ ಮಾಡಿ, ಮೂಲೆಮಟ್ಟವನ್ನು ಟೇಬಲ್ ಮೇಲೆ ನಿಲ್ಲಿಸಿ, ಎರಡು ಹಲ್ಲುಗಳ ನಡುವೆ ತಟ್ಟೆಗೆ ತಾಗಿಸಿ. ಹಲ್ಲು ಅಡ್ಡ ಬಂದರೆ ಬ್ಲೇಡನ್ನು ಕೈಯಿಂದ ಸ್ವಲ್ಪ ತಿರುಗಿಸಿ. ಬೆಳಕು ಕಂಡರೆ ಹಿಂದಿನ 90ರ ಸ್ಟಾಪ್ ಬೋಲ್ಟ್ ತಿರುಗಿಸಿ. ಇದನ್ನು ಬಿಟ್ಟು ಫೆನ್ಸಿಗೆ ಹೋದರೆ ಬ್ಲೇಡ್ ವಾಲಿದ್ದಷ್ಟೂ ಅಳತೆ ಸುಳ್ಳಾಗುತ್ತದೆ.

ಈಗ ಫೆನ್ಸ್. ಅದರ ಎಡ ಬಲ ಭಾಗಗಳು ಒಂದೇ ನೇರದಲ್ಲಿವೆಯೇ ಎಂದು ಸ್ಟೀಲ್ ಸ್ಕೇಲ್ ಒತ್ತಿ ನೋಡಿ. 0ಯಲ್ಲಿ ಕೂರಿಸಿ, ಬೋಲ್ಟುಗಳನ್ನು ಅರ್ಧ ಸಡಿಲಿಸಿ, ಮತ್ತೆ ತಟ್ಟೆಗೇ ತಾಗುವಂತೆ ಮೂಲೆಮಟ್ಟ ಹಿಡಿದು ಫೆನ್ಸ್ ಸರಿಸಿ. ಅಲೆನ್ ಕೀಯಲ್ಲಿ ಒಂದನ್ನೇ ಪೂರ್ತಿ ಬಿಗಿಯಬೇಡಿ. ಸ್ವಲ್ಪ ಸ್ವಲ್ಪವಾಗಿ, ಅದಲು ಬದಲಾಗಿ ಬಿಗಿಯಿರಿ, ಪ್ರತಿ ಸಲವೂ ಮತ್ತೆ ಮಟ್ಟ ಹಿಡಿದು ನೋಡಿ. ಬಿಗಿಯುವಾಗಲೇ ಫೆನ್ಸ್ ಜರುಗುತ್ತದೆ.

ಮೂಲೆಮಟ್ಟವನ್ನೂ ಪೂರ್ತಿ ನಂಬಬೇಡಿ. ಎರಡು ಅಂಚೂ ಸಮಾನಾಂತರವಾಗಿರುವ 100 ಮಿ.ಮೀ. ಅಗಲದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡನ್ನು ನಡುವೆ ಕತ್ತರಿಸಿ, ಒಂದು ಅರ್ಧವನ್ನು ಮಗುಚಿ, ಫೆನ್ಸಿಗೆ ಒತ್ತಿ ಕೂಡಿಸಿ. ತಪ್ಪು ಎರಡು ಪಟ್ಟಾಗಿ ಕಾಣುತ್ತದೆ. ಎ4 ಹಾಳೆ ಸುಮಾರು 0.1 ಮಿ.ಮೀ. ದಪ್ಪ. ಆ ಸಂದಿಗೆ ಒಂದು ಹಾಳೆಯೂ ತೂರದಿದ್ದರೆ ಫೆನ್ಸ್ ಸರಿಯಿದೆ. ಮಷೀನಿನ ಕೋನದ ಸ್ಕೇಲಿನ ಮುಳ್ಳನ್ನು 0ಗೆ ತರುವುದು ಇದಾದ ಮೇಲೆಯೇ.

ಬ್ಲೇಡ್ ವಿಷಯಕ್ಕೆ ಬಂದರೆ, ಜೊತೆಗೆ ಬಂದ 24 ಅಥವಾ 40 ಹಲ್ಲಿನದು ಮನೆ ಕೆಲಸಕ್ಕೆ ಸಾಕು, ಫ್ರೇಮಿಗೆ ಅಲ್ಲ. ಹೊಸ ಮಷೀನಿನ ದುಡ್ಡಿನ ಸಣ್ಣ ಪಾಲಿನಲ್ಲಿ 80 ಹಲ್ಲಿನದು ಹಾಕಿಸಿ.

ಓರೆ ಕಟ್ಟಿನಲ್ಲಿ ಬ್ಲೇಡ್ ಮರವನ್ನು ಪಕ್ಕಕ್ಕೆ ಎಳೆಯುತ್ತದೆ. ಫೆನ್ಸಿಗೆ 120 ನಂಬರಿನ ಎಮರಿ ಹಾಳೆ ಅಂಟಿಸಿ (ಎರಡೂ ಭಾಗಕ್ಕೆ ಒಂದೇ ದಪ್ಪದ್ದು), ಕ್ಲಾಂಪ್ ಹಾಕಿ, ಕೈಯನ್ನು ಬ್ಲೇಡಿನಿಂದ ಆರು ಇಂಚು ದೂರ ಇಡಿ. ಮೊದಲು 2 ಮಿ.ಮೀ. ಹೆಚ್ಚಿಟ್ಟು ಕತ್ತರಿಸಿ, ಆಮೇಲೆ ಆ ಹೆಚ್ಚನ್ನು ಅದೇ ಬ್ಲೇಡಿನಲ್ಲಿ ತೆಳುವಾಗಿ ಕತ್ತರಿಸಿ ತೆಗೆಯಿರಿ. ಬ್ಲೇಡ್ ಪೂರ್ತಿ ನಿಂತ ಮೇಲೆ ತಲೆ ಎತ್ತಿ. ತಿರುಗುತ್ತಿರುವಾಗ ಎತ್ತಿದರೆ ಮರದ ಕತ್ತರಿಸಿದ ಮುಖಕ್ಕೆ ಗೀರು ಬೀಳುತ್ತದೆ. ಎದುರುಬದುರು ಪಟ್ಟಿಗಳ ಉದ್ದ ಒಂದೇ ಇರಬೇಕು, ಅದಕ್ಕೆ ಸ್ಟಾಪ್ ಬ್ಲಾಕ್ (ಪಟ್ಟಿಯ ತುದಿ ತಾಗಿ ನಿಲ್ಲುವ ತುಂಡು) ಕಟ್ಟಿ. ಉದ್ದ ಏರುಪೇರಾದರೆ ಕೋನ ಎಷ್ಟು ಸರಿಯಿದ್ದರೂ ಮೂಲೆ ತೆರೆದುಕೊಳ್ಳುತ್ತದೆ.

ತೇಗ ಮುಟ್ಟುವ ಮೊದಲು ಪ್ಲೈವುಡ್ ತುಂಡಿನಲ್ಲಿ ಒಂದಡಿಯ ನಾಲ್ಕು ಪಟ್ಟಿ ಕತ್ತರಿಸಿ, ಅಂಟು ಹಾಕದೆ ಮೂರು ಮೂಲೆಗೆ ಟೇಪ್ ಸುತ್ತಿ, ನಾಲ್ಕನೆಯದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ.